ಮೋಟಾರು ಬಂಡಿಯ ಇಂಧನಸೂಚಕವೂ ಮೀಸಲು ಪೆಟ್ರೋಲೂ

ಈ ಸ್ಮರಣ ಸಂಚಿಕೆಗಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡಾಗ, ಸ್ತ್ರೀ ವಿದ್ಯಾಭ್ಯಾಸದ ಮಹತ್ವವನ್ನೋ ಸಮಯಪಾಲನೆಯ ಪ್ರಯೋಜನವನ್ನೋ ಕುರಿತು ನಾವು ಬರೆಯುವೆವೆಂದು ಅವರು ಎಣಿಸಿದ್ದಿರಬೇಕು. ಆ ವಿಷಯಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬೆಳಗಿನ ಪ್ರಾರ್ಥನಾಕೂಟದಲ್ಲಿ ನಮ್ಮ ಬಾಯಿಂದ ಬೇಕಾದಷ್ಟು ಕೇಳಿರುವರು. ಆದುದರಿಂದ ಈ ಸಾರಿ ಅವರ ನಿತ್ಯ ಜೀವನಕ್ಕೆ ಸಂಬಂಧಪಟ್ಟ ಬೇರೊಂದು ಸಂಗತಿಯನ್ನು ಆರಿಸಿಕೊಂಡಿದ್ದೇವೆ. ನಮ್ಮಲ್ಲಿ ಓದಿಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ತಾವೇ ಕಾರನ್ನು ನಡಿಸಿಕೊಂಡು ತಮ್ಮ ಮಕ್ಕಳನ್ನು ಶಾಲೆಯ ಬಾಗಿಲಿಗೆ ತಂದು ಬಿಡುತ್ತಾರೆ. ಅವರ ಕಣ್ಣೆದುರಿಗೆ ದಿನವೂ ಒಂದು ಚಿಕ್ಕ ಮುಳ್ಳು ಆಡುತ್ತಿರುವುದು. ಟಾಂಕಿಯಲ್ಲಿ ಎಷ್ಟು ಪೆಟ್ರೋಲು ಉಳಿದಿದೆ ಎಂಬುದನ್ನು ತಿಳಿಸುವ ಈ ಇಂಧನಸೂಚಕವನ್ನು ನೋಡದವರಿಲ್ಲ. ಆದರೆ ಅದು ಹೇಗೆ ಹೇಳುವುದು, ಎಷ್ಟರಮಟ್ಟಿಗೆ ಅದನ್ನು ನಂಬಬೇಕು, ಮೀಸಲು ಎಂಬುದು ಯಾತಕ್ಕಾಗಿ ಇದೆ ಎಂದು ವಿಚಾರಿಸಿದವರು ಕಡಿಮೆ. ನಾವಾದರೂ ಬಹುಕಾಲ ವಿಚಾರಿಸಿರಲಿಲ್ಲ. ವಿಚಾರಿಸಬೇಕಾಗಿ ಬಂದ ಸಂದರ್ಭವನ್ನು ಮುಂದೆ ಹೇಳುವೆವು. ಅದನ್ನು ಹೇಳುವುದು ನಮಗೆ ಸುಖಕರವಲ್ಲ; ಆದರೂ ಹೇಳತಕ್ಕದ್ದೇ.

೧. ಮುಳ್ಳು ಆಡುವ ಬಗೆ

ಮನೆಯ ಮಾಳಿಗೆಯ ಮೇಲಿನ ನೀರಿನ ಟಾಂಕಿಯ ಮುಚ್ಚಳವನ್ನು ತೆಗೆದು ನೋಡಿದವರಿಗೆ ಅದರೊಳಗೆ ತೇಲುತ್ತಿರುವ ಒಂದು ಚೆಂಡಿನ ಪರಿಚಯವಿರುವುದು. ನೀರು ಏರಿದಂತೆ ಚೆಂಡು ಏರುವುದು, ಇಳಿದಂತೆ ಇಳಿಯುವುದು. ಕಾರಿನ ಪೆಟ್ರೋಲು ಟಾಂಕಿಯಲ್ಲಿಯೂ ಇಂಥದೇ ಒಂದು ತೇಲುಬೆಂಡು ಇದೆ. ಅದಕ್ಕೆ ಒಂದು ಸಣ್ಣ ಲೋಹದ ಕೈಯನ್ನು ಜೋಡಿಸಿರುತ್ತಾರೆ. ಆ ಕೈಯ ಇನ್ನೊಂದು ತುದಿಯು ವಿದ್ಯುತ್ತಿಗೆ ತಡೆಯೊಡ್ಡುವ ಒಂದು ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತಿರುವುದು. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ತಂತಿ ಸುತ್ತಿದ ಕೊಳವೆಯ ಮೇಲೆ ಹಿಡಿಕೆಯನ್ನು ಸರಿಸಿ, ಪುಟ್ಟ ದೀಪವನ್ನು ಒಮ್ಮೆ ಮಂಕಾಗಿಯೂ ಒಮ್ಮೆ ಉಜ್ವಲವಾಗಿಯೂ ಮಾಡಿ ಸಂತೋಷಪಟ್ಟ ವಿದ್ಯಾರ್ಥಿನಿಯರಿಗೆ ಈ ತತ್ವವು ನೆನಪಿರಬಹುದು. ರಿಯೋಸ್ಟಾಟ್ ಎಂದು ನಾವು ಅದನ್ನು ಕರೆಯುತ್ತಿದ್ದೆವು. ಪೆಟ್ರೋಲಿನ ಟಾಂಕಿಯೊಳಗೆ ಇರುವುದೂ ಅದರದೇ ತಂಗಿ. ತೇಲುಬೆಂಡಿನ ಎತ್ತರ ಬದಲಾದಂತೆ ತಡೆ ಬದಲಾಗುವುದು. ತಡೆ ಬದಲಾದಂತೆ ತಂತಿಯಲ್ಲಿ ಹರಿಯುವ ವಿದ್ಯುತ್ತು ಹೆಚ್ಚು ಕಡಿಮೆಯಾಗುವುದು. ಆ ಹೆಚ್ಚು ಕಡಿಮೆಯನ್ನೇ ನಮ್ಮ ಎದುರಿನ ಮುಳ್ಳು ತೋರಿಸುವುದು.

ಹಳೆಯ ಕಾರುಗಳಲ್ಲಿ ಮುಳ್ಳಿನ ಹಿಂದುಗಡೆ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿಯನ್ನು ಇಡುತ್ತಿದ್ದರು. ವಿದ್ಯುತ್ತು ಹರಿದಾಗ ಪಟ್ಟಿ ಬಿಸಿಯಾಗಿ, ಒಂದು ಲೋಹವು ಇನ್ನೊಂದಕ್ಕಿಂತ ಹೆಚ್ಚಾಗಿ ಹಿಗ್ಗಿ, ಪಟ್ಟಿಯು ಬಾಗಿ ಮುಳ್ಳನ್ನು ತಳ್ಳುತ್ತಿತ್ತು. ಬೀಗದಕೈ ತಿರುಗಿಸಿದ ಒಡನೆಯೇ ಮುಳ್ಳು ಏಳದೆ, ನಿದ್ರೆಯಿಂದೆದ್ದ ಮಗುವಿನಂತೆ ನಿಧಾನವಾಗಿ ಏಳುತ್ತಿದ್ದುದು ಇದೇ ಕಾರಣದಿಂದ. ಈ ನಿಧಾನವು ದೋಷವಲ್ಲ, ಗುಣ. ರಸ್ತೆಯ ಕುಲುಕಾಟಕ್ಕೆ ಟಾಂಕಿಯಲ್ಲಿ ಪೆಟ್ರೋಲು ಅಲೆಯಾಡುತ್ತಿರುವಾಗ ಮುಳ್ಳು ಅದರೊಡನೆ ಕುಣಿಯಲಾರಂಭಿಸಿದರೆ ನೋಡುವವರಿಗೆ ಏನೂ ತಿಳಿಯದು. ಈಗಿನ ಕಾರುಗಳಲ್ಲಿ ಒಂದು ಪುಟ್ಟ ಗಣಕವು ಸ್ವಲ್ಪ ಹೊತ್ತಿನ ಸೂಚನೆಗಳನ್ನು ಒಟ್ಟುಗೂಡಿಸಿ, ಸರಾಸರಿ ತೆಗೆದು, ಆಮೇಲೆ ಮುಳ್ಳಿಗೆ ಅಥವಾ ಪರದೆಯ ಗೆರೆಗಳಿಗೆ ಅಪ್ಪಣೆ ಕೊಡುವುದು.

೨. ಮುಳ್ಳಿನ ಮಾತು ಅಂದಾಜಿನ ಮಾತು

ಇಷ್ಟನ್ನು ತಿಳಿದ ಮೇಲೆ, ಮುಳ್ಳು ಅಳೆಯುವುದು ಪೆಟ್ರೋಲಿನ ಪ್ರಮಾಣವನ್ನಲ್ಲ, ಅದರ ಎತ್ತರವನ್ನು ಎಂಬುದು ಸ್ಪಷ್ಟವಾಗುವುದು. ಇವೆರಡೂ ಒಂದೇ ಅಲ್ಲ. ಹೇಗಂದರೆ, ನೀರು ತುಂಬಿದ ಕೊಡವನ್ನು ತೆಗೆದುಕೊಳ್ಳಿರಿ. ಕೊಡದ ಕತ್ತಿನಲ್ಲಿ ಒಂದು ಅಂಗುಲ ನೀರು ಇಳಿದರೆ ಒಂದು ಲೋಟದಷ್ಟು ಖರ್ಚಾಗಿರಬಹುದು; ಹೊಟ್ಟೆಯ ಭಾಗದಲ್ಲಿ ಅದೇ ಒಂದು ಅಂಗುಲ ಇಳಿದರೆ ಒಂದು ಚೊಂಬು ಹೋಗಿರುವುದು. ಕಾರಿನ ಟಾಂಕಿಯು ಚೌಕನಾದ ಪೆಟ್ಟಿಗೆಯಲ್ಲ. ಸಾಮಾನ್ಯವಾಗಿ ಅದನ್ನು ಹಿಂದಿನ ಆಸನದ ಕೆಳಗೆ, ಇತರ ಭಾಗಗಳು ಬಿಟ್ಟ ಸಂದಿಗೆ ಹೊಂದುವಂತೆ, ಅಂಕುಡೊಂಕಾಗಿ ರಚಿಸಿರುತ್ತಾರೆ. ಆ ಆಕಾರಕ್ಕೆ ತಕ್ಕಂತೆ ತಿದ್ದುಪಾಟನ್ನು ತಯಾರಕರು ಮಾಡಿರುವರಾದರೂ, ಮುಳ್ಳು ನಟ್ಟನಡುವೆ ನಿಂತಾಗ ಸರಿಯಾಗಿ ಅರ್ಧ ಟಾಂಕಿ ಇದೆಯೆಂದು ಆಣೆಯಿಟ್ಟು ಹೇಳುವಂತಿಲ್ಲ.

ಇನ್ನು ಎರಡು ತುದಿಗಳ ವಿಚಾರ. ಟಾಂಕಿಯು ಕಂಠದವರೆಗೆ ತುಂಬಿದಾಗ ತೇಲುಬೆಂಡಿನ ಕೈಯು ತನ್ನ ಮೇಲಿನ ಮಿತಿಯನ್ನು ಮುಟ್ಟಿ ಅಲ್ಲಿಯೇ ನಿಂತಿರುವುದು. ಅದರ ಮೇಲಿನ ಪೆಟ್ರೋಲು ಖರ್ಚಾಗುವ ತನಕ ಮುಳ್ಳು ಅಲುಗುವುದಿಲ್ಲ. ಈ ಕಾರಣದಿಂದಲೇ ತುಂಬಿಸಿದ ಮೇಲೆ ಹಲವು ಕಿಲೋಮೀಟರು ಓಡಿದರೂ ಮುಳ್ಳು 'ಎಫ್' ಅಕ್ಷರವನ್ನು ಬಿಡದಿರುವುದನ್ನು ಕಂಡು, ನಮ್ಮ ಕಾರು ಬಹಳ ಮಿತವ್ಯಯಿ ಎಂದು ನಾವು ಹಿಗ್ಗುವುದುಂಟು. ಆಮೇಲೆ ಮುಳ್ಳು ಸರಸರನೆ ಇಳಿಯತೊಡಗಿದಾಗ ಪೆಟ್ರೋಲು ಎಲ್ಲಿಯೋ ಸೋರುತ್ತಿದೆಯೆಂದು ಹೆದರುವುದೂ ಉಂಟು. ಎರಡೂ ತಪ್ಪು. ಹಾಗೆಯೇ ಕೆಳಗಿನ ತುದಿಯಲ್ಲಿ ಮುಳ್ಳು 'ಇ' ಅಕ್ಷರವನ್ನು ಮುಟ್ಟಿದಾಗಲೂ ತಳದಲ್ಲಿ ಸ್ವಲ್ಪ ಉಳಿದಿರುವುದು. ಆ ಸ್ವಲ್ಪವೆಷ್ಟು ಎಂಬುದನ್ನು ಮಾತ್ರ ಮುಳ್ಳು ಹೇಳದು.

ಕಾರು ನಿಂತ ನೆಲವೂ ಲೆಕ್ಕಕ್ಕೆ ಬರುವುದು. ಏರಿನಲ್ಲಿ ಪೆಟ್ರೋಲು ಟಾಂಕಿಯ ಒಂದು ಕೊನೆಗೆ ಸರಿದು ನಿಲ್ಲುವುದು. ಇಳಿಜಾರಿನಲ್ಲಿ ಇನ್ನೊಂದು ಕೊನೆಗೆ. ಆಗ ತೇಲುಬೆಂಡು ಇರುವ ಜಾಗದ ಎತ್ತರವನ್ನಷ್ಟೇ ಮುಳ್ಳು ಹೇಳುವುದು. ಆದುದರಿಂದ ಮುಳ್ಳನ್ನು ನೋಡುವುದಾದರೆ ಸಪಾಟಾದ ನೆಲದಲ್ಲಿ ಕಾರನ್ನು ನಿಲ್ಲಿಸಿ, ಕ್ಷಣಕಾಲ ತಡೆದು ನೋಡಬೇಕು.

೩. ಮೀಸಲು ಎಂದರೇನು?

ಮೋಟಾರು ಬಂಡಿಗಳ ಮೊದಲ ಕಾಲದಲ್ಲಿ ಈ ಮುಳ್ಳೂ ಇರಲಿಲ್ಲ. ಅಮೇರಿಕಾ ದೇಶದಲ್ಲಿ ೧೯೦೮ ರಿಂದ ೧೯೨೭ರ ವರೆಗೆ ತಯಾರಾದ ಫೋರ್ಡ್ 'ಮಾಡೆಲ್ ಟಿ' ಎಂಬ ಪ್ರಸಿದ್ಧ ಕಾರಿನಲ್ಲಿ ಬಹುಕಾಲ ಟಾಂಕಿಯು ಮುಂದಿನ ಆಸನದ ಕೆಳಗಿತ್ತು. ಆಸನವನ್ನೆತ್ತಿ, ಮುಚ್ಚಳ ತೆಗೆದು, ಗುರುತು ಮಾಡಿದ ಒಂದು ಕೋಲನ್ನು ಅದ್ದಿ ತೆಗೆದು, ಎಷ್ಟು ಒದ್ದೆಯಾಗಿದೆಯೆಂದು ನೋಡುವುದೇ ಆಗಿನ ಅಳತೆ. ಆ ಕಾರಿನಲ್ಲಿ ಪೆಟ್ರೋಲನ್ನು ಮೇಲೆತ್ತುವ ಪಂಪು ಇರಲಿಲ್ಲ. ತನ್ನ ಭಾರದಿಂದಲೇ ಅದು ಎಂಜಿನಿಗೆ ಹರಿದು ಹೋಗಬೇಕಾಗಿತ್ತು. ಆದಕಾರಣ ಪೆಟ್ರೋಲು ಕಡಿಮೆಯಾಗಿರುವಾಗ ಕಡಿದಾದ ಏರು ಬಂದರೆ ಎಂಜಿನು ಟಾಂಕಿಗಿಂತ ಮೇಲಾಗಿ, ಹರಿವು ನಿಂತು, ಕಾರು ನಿಲ್ಲುತ್ತಿತ್ತು. ಆಗ ಜನರು ಕಾರನ್ನು ತಿರುಗಿಸಿ, ಹಿಮ್ಮುಖವಾಗಿ ಗುಡ್ಡ ಹತ್ತಿಸುತ್ತಿದ್ದರಂತೆ! ಕೇಳಿದರೆ ನಗು ಬರುವುದು. ಆದರೆ ಏರಿನಲ್ಲಿ ಪೆಟ್ರೋಲು ಒಂದು ಕಡೆಗೆ ಸರಿಯುವುದೆಂಬ ಮಾತನ್ನು ವಾಚಕರು ಮರೆಯಬಾರದು. ಅದು ಮುಂದೆ ನಮಗೆ ಬೇಕಾಗುವುದು.

ನಮ್ಮ ದೇಶದ ಹಳೆಯ ಸ್ಕೂಟರುಗಳನ್ನು ಬಲ್ಲವರಿಗೆ ಮೀಸಲು ಎಂದರೇನೆಂದು ವಿವರಿಸಬೇಕಾಗಿಲ್ಲ. ಟಾಂಕಿಯ ತಳದಿಂದ ಎರಡು ದಾರಿಗಳು ಹೊರಡುತ್ತಿದ್ದುವು. ಒಂದರ ಬಾಯಿ ತಳಕ್ಕಿಂತ ಎತ್ತರದಲ್ಲಿ, ಇನ್ನೊಂದರದು ತಳದ ಸಮೀಪದಲ್ಲಿ. ತಿರುಪನ್ನು ಸಾಮಾನ್ಯ ಸ್ಥಾನದಲ್ಲಿಟ್ಟಾಗ ಎತ್ತರದ ಬಾಯಿಂದ ಮಾತ್ರ ಪೆಟ್ರೋಲು ಇಳಿಯುತ್ತಿತ್ತು. ಮಟ್ಟವು ಆ ಬಾಯಿಗಿಂತ ಕೆಳಗಿಳಿದೊಡನೆ ಸ್ಕೂಟರು ಕೆಮ್ಮಿ ನಿಲ್ಲುವುದು, ತಂದೆಯವರು ಬಗ್ಗಿ ತಿರುಪನ್ನು ರಿಸರ್ವ್ ಕಡೆಗೆ ತಿರುಗಿಸುವರು, ತಳದ ಬಾಯಿ ತೆರೆಯುವುದು, ಪಯಣ ಮುಂದುವರಿಯುವುದು. ಅದೂ ತೀರಿದ ದಿವಸ ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ ಕೊನೆಯ ಹನಿಗಳನ್ನು ಕರೆಯುವ ದೃಶ್ಯವನ್ನು ರಸ್ತೆಯ ಬದಿಯಲ್ಲಿ ಚೀಲ ಹಿಡಿದು ನಿಂತು ನೋಡಿದ ಮಕ್ಕಳು ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ಇರಬೇಕು. ಜರ್ಮನಿಯ ಫೋಕ್ಸ್‌ವಾಗನ್ ಬೀಟಲ್ ಕಾರಿನಲ್ಲಿಯೂ ೧೯೬೦ರ ಸುಮಾರಿನವರೆಗೆ ಮುಳ್ಳಿಗೆ ಬದಲಾಗಿ ಇಂಥ ಮೀಸಲಿನ ತಿರುಪೇ ಇದ್ದಿತು.

ಈ ಹಳೆಯ ಏರ್ಪಾಡಿನಲ್ಲಿ ಒಂದು ಸದ್ಗುಣವಿತ್ತು. ಮೀಸಲನ್ನು ಮುಟ್ಟಬೇಕಾದರೆ ಬಂಡಿ ನಿಲ್ಲಬೇಕು, ಮನುಷ್ಯನು ಕೈಯಾರೆ ತಿರುಪನ್ನು ತಿರುಗಿಸಬೇಕು. ತಾನು ಮೀಸಲನ್ನು ಮುಟ್ಟಿದೆನೆಂಬ ಅರಿವು ಅವನಿಗೆ ತಪ್ಪದೆ ಆಗುತ್ತಿತ್ತು. ಈಗಿನ ಕಾರುಗಳಲ್ಲಿ ಬೇರೆ ಟಾಂಕಿಯೂ ಇಲ್ಲ, ತಿರುಪೂ ಇಲ್ಲ. ಟಾಂಕಿಯ ಕೊನೆಯ ಒಂದಂಶಕ್ಕೆ ಮೀಸಲು ಎಂಬ ಹೆಸರು ಮಾತ್ರ ಇದೆ. ಅನೇಕ ಸಣ್ಣ ಕಾರುಗಳಲ್ಲಿ ಅದು ಸುಮಾರು ೫ ಲೀಟರಿನಷ್ಟಿರುವುದು. ನಿಮ್ಮ ಕಾರಿನಲ್ಲಿ ಎಷ್ಟೆಂಬುದನ್ನು ಕಾರಿನೊಡನೆ ಕೊಟ್ಟಿರುವ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು. ಮಟ್ಟವು ಅಲ್ಲಿಗೆ ಇಳಿದಾಗ ಹಳದಿ ಬಣ್ಣದ ಪುಟ್ಟ ದೀಪವೊಂದು ಹೊತ್ತಿಕೊಳ್ಳುವುದು. ಕಾರು ನಿಲ್ಲುವುದಿಲ್ಲ, ಕೆಮ್ಮುವುದಿಲ್ಲ, ಎಂದಿನಂತೆ ಓಡುತ್ತಲೇ ಇರುವುದು. ಮೀಸಲಿಗೂ ದಿನದ ಖರ್ಚಿಗೂ ನಡುವೆ ಇದ್ದ ಬಾಗಿಲನ್ನು ತೆಗೆದುಹಾಕಿ, ಆ ಸ್ಥಳದಲ್ಲಿ ಒಂದು ದೀಪವನ್ನು ಇಟ್ಟಂತಾಯಿತು. ದೀಪವನ್ನು ಕಂಡೂ ಕಾಣದಂತೆ ಇರುವುದು ಬಹಳ ಸುಲಭ.

೪. ನಾವು ಕಲಿತ ಪಾಠ

ಹೀಗೆ ಕಂಡೂ ಕಾಣದಂತೆ ಇದ್ದವರು ಸ್ವತಃ ನಾವೇ. ಕೆಲವು ವರ್ಷಗಳ ಹಿಂದಿನ ಮಾತು. ಶಾಲೆಯ ಉಪಯೋಗಕ್ಕಿರುವ ಕಾರಿನಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಹಳದಿ ದೀಪ ಹೊತ್ತಿಕೊಂಡಿತು. ತಿಂಗಳ ಕೊನೆ. ಪೆಟ್ರೋಲಿನ ಬಾಬ್ತು ಆ ತಿಂಗಳಲ್ಲಿ ಆಗಲೇ ಹೆಚ್ಚಾಗಿತ್ತು. ಡ್ರೈವರು ಬಂದು ಕೇಳಿದಾಗ, "ಸೋಮವಾರ ಒಂದನೆಯ ತಾರೀಕು. ಹೊಸ ತಿಂಗಳ ಲೆಕ್ಕಕ್ಕೆ ಹಾಕಿಸೋಣ" ಎಂದು ನಾವು ಹೇಳಿದೆವು. ಇನ್ನೂ ೩೮ ಕಿಲೋಮೀಟರು ಓಡುವುದೆಂದು ಕಾರಿನ ಪರದೆಯು ತೋರಿಸುತ್ತಿದ್ದಿತು. ಮಿತವ್ಯಯ ಮಾಡಿದೆವೆಂದು ನಮಗೆ ಸಮಾಧಾನವೂ ಆಯಿತು.

ಶನಿವಾರ ರಾತ್ರಿ ಹನ್ನೊಂದು ಗಂಟೆ ಮೀರಿದ ಮೇಲೆ ವಸತಿಗೃಹದ ಮೇಲ್ವಿಚಾರಕಿಯವರು ನಮ್ಮ ಬಾಗಿಲನ್ನು ತಟ್ಟಿದರು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹೊಟ್ಟೆನೋವಿನಿಂದ ಹೊರಳಾಡುತ್ತಿದ್ದಳು, ಮೈ ಸುಡುತ್ತಿತ್ತು. ಶಸ್ತ್ರಚಿಕಿತ್ಸೆಯ ಅನುಕೂಲವಿರುವ ಆಸ್ಪತ್ರೆಗೆ ಅಲ್ಲಿಂದ ೧೯ ಕಿಲೋಮೀಟರು. ಮೂವತ್ತೆಂಟರಲ್ಲಿ ಹತ್ತೊಂಬತ್ತು ಸರಿಯಾಗಿ ಅರ್ಧ. ಸಾಕಲ್ಲವೇ ಎಂದುಕೊಂಡು ಹೊರಟೆವು. ಹೊರಡುವಾಗ ಪರದೆಯ ಮೇಲೆ ಅಂಕೆಯ ಬದಲು ಎರಡು ಅಡ್ಡಗೆರೆಗಳು ಮಾತ್ರ ಕಾಣುತ್ತಿದ್ದುವು. ಶುಕ್ರವಾರದಿಂದ ಈಚೆಗೆ ಕಾರು ಪೇಟೆಗೆ ಎರಡು ಸಾರಿ ಹೋಗಿ ಬಂದುದು ಆಗ ನೆನಪಿಗೆ ಬಂದಿತು. ದಾರಿಯಲ್ಲಿದ್ದ ಎರಡು ಬಂಕುಗಳೂ ಮುಚ್ಚಿದ್ದುವು. ಆಸ್ಪತ್ರೆಗೆ ಎರಡು ಕಿಲೋಮೀಟರು ಇದೆಯೆನ್ನುವಾಗ ಒಂದು ಉದ್ದನೆಯ ಏರು. ಅದರ ನಡುವೆ ಎಂಜಿನು ಎರಡು ಸಾರಿ ತಡವರಿಸಿ ನಿಂತಿತು.

ಆ ಏರಿನಲ್ಲಿ, ಕತ್ತಲೆಯಲ್ಲಿ, ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾವು ಕುಳಿತ ಹೊತ್ತನ್ನು ಗಡಿಯಾರವು ಇಪ್ಪತ್ತೈದು ನಿಮಿಷವೆಂದು ಹೇಳಿತು. ತರಕಾರಿ ಮೂಟೆಗಳನ್ನು ಹೇರಿಕೊಂಡು ಸಂತೆಗೆ ಹೋಗುತ್ತಿದ್ದ ಒಂದು ಟೆಂಪೋದವನು ನಮ್ಮ ಕೈಬೀಸನ್ನು ಕಂಡು ನಿಲ್ಲಿಸಿದನು. ಮಗುವನ್ನು ಮುಂದಿನ ಆಸನದಲ್ಲಿ ಮಲಗಿಸಿಕೊಂಡು ಆಸ್ಪತ್ರೆ ಸೇರಿದೆವು. ಅದೇ ರಾತ್ರಿ ಶಸ್ತ್ರಚಿಕಿತ್ಸೆಯಾಯಿತು. ದೇವರ ಕೃಪೆಯಿಂದ ಮಗು ಬದುಕಿ, ಮೂರು ವಾರಗಳಲ್ಲಿ ತರಗತಿಗೆ ಮರಳಿದಳು.

ಮುಂಜಾನೆಯ ಮೊದಲ ಬಸ್ಸಿನಲ್ಲಿ ಅವಳ ತಾಯಿ ಬಂದು, ನಾವು ರಾತ್ರಿಯೆಲ್ಲಾ ಎಚ್ಚರವಿದ್ದುದಕ್ಕಾಗಿ ನಮ್ಮ ಕೈಗಳನ್ನು ಹಿಡಿದುಕೊಂಡು ಉಪಕಾರ ಸ್ಮರಿಸತೊಡಗಿದಾಗ ನಮಗೆ ತಡೆಯಲಾಗಲಿಲ್ಲ. ಕಾರು ನಿಂತುದನ್ನೂ ಅದರ ಕಾರಣವನ್ನೂ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನು ಮೇಲೆ ನೋಡಿಕೊಳ್ಳಿ, ಟೀಚರಮ್ಮಾ" ಎಂದಳು. ಅಷ್ಟೇ. ಇಪ್ಪತ್ತು ವರ್ಷ ಪಾಠ ಹೇಳಿದ ನಮಗೆ ಅದಕ್ಕಿಂತ ಚಿಕ್ಕದಾದ, ಅದಕ್ಕಿಂತ ದೊಡ್ಡದಾದ ಪಾಠವನ್ನು ಯಾರೂ ಹೇಳಿರಲಿಲ್ಲ.

೫. ಲೆಕ್ಕ ಎಲ್ಲಿ ತಪ್ಪಿತು?

ಆಮೇಲೆ ನಾವು ಈ ವಿಷಯವನ್ನು ತಿಳಿದವರಿಂದ ಕೇಳಿ ಅರಿತುಕೊಂಡೆವು. ಇಷ್ಟು ದೂರ ಓಡುವುದೆಂದು ಕಾರು ತೋರಿಸುವ ಅಂಕೆಯು, ಉಳಿದ ಪೆಟ್ರೋಲಿನ ಅಂದಾಜನ್ನು ಇತ್ತೀಚೆಗೆ ಓಡಿದ ರೀತಿಯಿಂದ ಗುಣಿಸಿ ಪಡೆದ ಅಂಕೆ. ಹಿಂದಿನ ದಾರಿ ಸಮನಾಗಿದ್ದರೆ ಮುಂದಿನದೂ ಸಮನಾಗಿರುವುದೆಂದು ಅದು ಭಾವಿಸುವುದು. ಮುಂದೆ ಏರು ಇದೆಯೆಂಬುದಾಗಲಿ, ಐದು ಜನ ಕುಳಿತು ತಂಪುಗಾಳಿಯ ಯಂತ್ರವನ್ನು ಹಾಕಿಕೊಳ್ಳುವರೆಂಬುದಾಗಲಿ ಅದಕ್ಕೆ ಗೊತ್ತಿಲ್ಲ. ಅದಲ್ಲದೆ ಪೆಟ್ರೋಲನ್ನು ಎಳೆಯುವ ಪಂಪಿನ ಬಾಯಿಯು ಟಾಂಕಿಯಲ್ಲಿ ಒಂದು ನಿರ್ದಿಷ್ಟ ಸ್ಥಳದಲ್ಲಿರುವುದು. ತಳದಲ್ಲಿ ಸ್ವಲ್ಪವೇ ಉಳಿದಿರುವಾಗ ಏರು ಬಂದರೆ, ಆ ಸ್ವಲ್ಪವೂ ಅತ್ತ ಸರಿದು ಪಂಪು ಗಾಳಿಯನ್ನು ಎಳೆಯಬಹುದು. ಹಳೆಯ ಫೋರ್ಡ್ ಕಾರು ಗುಡ್ಡದಲ್ಲಿ ನಿಂತಂತೆ ನಮ್ಮ ಹೊಸ ಕಾರೂ ಗುಡ್ಡದಲ್ಲಿಯೇ ನಿಂತಿತು.

ಆದುದರಿಂದ ಪ್ರತಿಯೊಬ್ಬರೂ ತಮ್ಮ ಕಾರಿನ ಲೆಕ್ಕವನ್ನು ತಾವೇ ಮಾಡಿಟ್ಟುಕೊಳ್ಳುವುದು ಲೇಸು. ವಿಧಾನ ಬಹಳ ಸರಳ. ಬಂಕಿನ ಕೊಳವೆಯು ತಾನಾಗಿ ನಿಲ್ಲುವ ತನಕ ಟಾಂಕಿಯನ್ನು ತುಂಬಿಸಿ, ಆಗ ಕಾರು ಓಡಿದ ಕಿಲೋಮೀಟರುಗಳನ್ನು ಬರೆದಿಡಿರಿ. ಮುಂದಿನ ಸಾರಿ ಪುನಃ ಹಾಗೆಯೇ ತುಂಬಿಸಿ, ನಡುವೆ ಓಡಿದ ದೂರವನ್ನು ಈಗ ಹಿಡಿಸಿದ ಲೀಟರುಗಳಿಂದ ಭಾಗಿಸಿರಿ. ೪೨೦ ಕಿಲೋಮೀಟರಿಗೆ ೨೮ ಲೀಟರು ಹಿಡಿಸಿದರೆ ಲೀಟರಿಗೆ ೧೫ ಕಿಲೋಮೀಟರು ಆಯಿತು. ಹಾಗಾದರೆ ೫ ಲೀಟರು ಮೀಸಲಿನಲ್ಲಿ ೭೫ ಕಿಲೋಮೀಟರು ಹೋಗಬಹುದೆಂದು ಒಡನೆಯೇ ಹೇಳಬೇಡಿರಿ. ಘಟ್ಟದ ರಸ್ತೆಯಲ್ಲಿ ಅದೇ ಕಾರು ಲೀಟರಿಗೆ ಹತ್ತನ್ನೇ ಕೊಟ್ಟರೆ ೫೦ ಆಯಿತು. ಕೊನೆಯ ಒಂದು ಲೀಟರನ್ನು ನಂಬಬಾರದೆಂದು ಬಿಟ್ಟರೆ ೪೦ ಉಳಿಯಿತು. ಕಾಗದದ ಮೇಲಿನ ಎಪ್ಪತ್ತೈದು ರಸ್ತೆಯ ಮೇಲೆ ನಲವತ್ತಾಗುವ ಬಗೆ ಇದು. ಲೆಕ್ಕದ ತರಗತಿಯಲ್ಲಿ ಉತ್ತರದ ಮುಂದೆ ಲೀಟರೋ ಕಿಲೋಮೀಟರೋ ಎಂದು ಬರೆಯದವರ ಅಂಕಗಳನ್ನು ನಾವು ಕಳೆಯುತ್ತಿದ್ದುದನ್ನು ಕೆಲವರು ಇಂದಿಗೂ ಆಕ್ಷೇಪಿಸುವುದುಂಟು. ಅವರಿಗಾಗಿ ಒಂದು ನಿಜ ಸಂಗತಿಯನ್ನು ಹೇಳುವೆವು.

೧೯೮೩ನೆಯ ಜುಲೈ ೨೩ರಂದು ಕೆನಡಾ ದೇಶದಲ್ಲಿ ಒಂದು ದೊಡ್ಡ ಬೋಯಿಂಗ್ ೭೬೭ ವಿಮಾನವು ಹೊರಡುವಾಗ ಅದರ ಇಂಧನಸೂಚಕಗಳು ಕೆಟ್ಟಿದ್ದುವು. ಹಳೆಯ ಕಾಲದ ಕೋಲಿನ ಅಳತೆಯಂತೆಯೇ ಅಳೆದು, ಲೀಟರುಗಳನ್ನು ತೂಕಕ್ಕೆ ಪರಿವರ್ತಿಸಿದರು. ಆಗ ಆ ದೇಶವು ಪೌಂಡಿನಿಂದ ಕಿಲೋಗ್ರಾಮಿಗೆ ಬದಲಾಗುತ್ತಿದ್ದ ಕಾಲ. ಒಂದು ಲೀಟರು ಇಂಧನದ ತೂಕ ಸುಮಾರು ೦.೮ ಕಿಲೋಗ್ರಾಂ, ಪೌಂಡಿನಲ್ಲಿ ೧.೭೭. ಕಿಲೋಗ್ರಾಂ ಬೇಕಾಗಿದ್ದ ಕಡೆ ಪೌಂಡಿನ ಸಂಖ್ಯೆಯಿಂದ ಗುಣಿಸಿದರು. ಹೀಗಾಗಿ ಬೇಕಾದುದರ ಅರ್ಧಕ್ಕಿಂತಲೂ ಕಡಿಮೆ ಇಂಧನದಿಂದ ವಿಮಾನ ಮೇಲೇರಿತು. ಆಕಾಶಮಾರ್ಗದ ನಡುವೆ ಎರಡು ಎಂಜಿನುಗಳೂ ನಿಂತುಹೋದುವು. ಚಾಲಕರ ಅಸಾಧಾರಣ ಕೌಶಲದಿಂದ ವಿಮಾನವು ಹದ್ದಿನಂತೆ ತೇಲಿಕೊಂಡು ಬಂದು ಗಿಮ್ಲಿ ಎಂಬ ಊರಿನ ಹಳೆಯ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಯಾರ ಪ್ರಾಣವೂ ಹೋಗಲಿಲ್ಲ. ಅಂಕೆಯ ಮುಂದಿನ ಒಂದು ಶಬ್ದದ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಡ.

೬. ಯಾವಾಗ ತುಂಬಿಸಬೇಕು?

ಮುಳ್ಳು ಕಾಲುಭಾಗಕ್ಕೆ ಇಳಿದಾಗ ತುಂಬಿಸತಕ್ಕದ್ದು. ಇದೇ ಸಾಮಾನ್ಯ ನಿಯಮ. ೩೫ ಲೀಟರಿನ ಟಾಂಕಿಯಲ್ಲಿ ಕಾಲುಭಾಗವೆಂದರೆ ಸುಮಾರು ೯ ಲೀಟರು. ಮುಳ್ಳು ಸ್ವಲ್ಪ ಸುಳ್ಳು ಹೇಳಿದರೂ, ದಾರಿ ಸ್ವಲ್ಪ ಏರಾದರೂ, ಒಂದು ಬಂಕು ಮುಚ್ಚಿದ್ದರೂ ಇಷ್ಟು ಸಾಕಾಗುವುದು. ಹಳದಿ ದೀಪವನ್ನು ಪೆಟ್ರೋಲು ಹಾಕಿಸುವ ಕರೆಗಂಟೆಯೆಂದು ತಿಳಿಯುವುದು ತಪ್ಪು. ಕರೆಗಂಟೆ ಆಗಲೇ ಹೊಡೆದುಹೋಗಿದೆ, ನೀವು ತಡವಾಗಿ ಬಂದಿದ್ದೀರಿ ಎಂಬುದು ಅದರ ಅರ್ಥ.

ದೂರದ ಪ್ರಯಾಣಕ್ಕೂ ಘಟ್ಟದ ದಾರಿಗೂ ಕಾಡಿನ ದಾರಿಗೂ ಹೊರಡುವ ಮುಂಚೆ ಪೂರ್ತಿಯಾಗಿ ತುಂಬಿಸಬೇಕು. ಮೈಸೂರಿನಿಂದ ಊಟಿಗೋ ವಯನಾಡಿಗೋ ಹೋಗುವವರು ಗುಂಡ್ಲುಪೇಟೆಯನ್ನು ದಾಟುವ ಮೊದಲೇ ಮುಳ್ಳನ್ನು ನೋಡಿಕೊಳ್ಳಲಿ. ಮುಂದೆ ಬಂಡೀಪುರದ ಅರಣ್ಯ. ೨೦೦೯ರಿಂದ ಅಲ್ಲಿ ರಾತ್ರಿ ೯ ಗಂಟೆಯಿಂದ ಬೆಳಿಗ್ಗೆ ೬ ಗಂಟೆಯ ತನಕ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಹಗಲಿನಲ್ಲಿಯೂ ಕಾಡಿನ ನಡುವೆ ಬಂಡಿಯನ್ನು ನಿಲ್ಲಿಸಕೂಡದು. ಆನೆಗಳು ದಾಟುವ ದಾರಿಯಲ್ಲಿ ಪೆಟ್ರೋಲಿಲ್ಲದೆ ನಿಂತವರ ಪಾಡನ್ನು ಬೇರೆ ಹೇಳಬೇಕಾಗಿಲ್ಲ.

ಮೀಸಲಿನಲ್ಲಿಯೇ ನಿತ್ಯವೂ ಓಡಿಸುವುದರಿಂದ ಯಂತ್ರಕ್ಕೂ ಕೇಡು. ಈಗಿನ ಪೆಟ್ರೋಲು ಕಾರುಗಳಲ್ಲಿ ವಿದ್ಯುತ್ ಪಂಪು ಟಾಂಕಿಯೊಳಗೇ ಮುಳುಗಿರುವುದು. ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುವುದು. ಪೆಟ್ರೋಲು ತಳ ಕಂಡರೆ ಪಂಪು ಕಾದು ಬೇಗನೆ ಸವೆಯುವುದು. ಡೀಸಲು ಬಂಡಿಗಳಲ್ಲಿ ಟಾಂಕಿ ಬರಿದಾದರೆ ಕೊಳವೆಗಳಿಗೆ ಗಾಳಿ ಸೇರಿಕೊಳ್ಳುವುದು. ಆಮೇಲೆ ಡೀಸಲನ್ನು ಹಾಕಿದರೂ, ಆ ಗಾಳಿಯನ್ನು ಹೊರಡಿಸುವ ತನಕ ಎಷ್ಟೋ ಬಂಡಿಗಳು ಚಾಲೂ ಆಗುವುದಿಲ್ಲ, ಮೆಕ್ಯಾನಿಕ್ಕನ್ನು ಕರೆಯಬೇಕಾಗುವುದು. ಒಂದು ದಿನ ಮುಂದೂಡಿ ಉಳಿಸಿದೆವೆಂದುಕೊಂಡ ಹಣವು ಹೀಗೆ ಬೇರೆ ಬಾಗಿಲಿನಿಂದ ಹೊರಗೆ ಹೋಗುವುದು. ನಿಜವಾಗಿ ನೋಡಿದರೆ ಉಳಿತಾಯವೆಂಬುದೇ ಅಲ್ಲಿ ಇರಲಿಲ್ಲ. ಇಂದು ಹಾಕಿಸಿದರೂ ನಾಳೆ ಹಾಕಿಸಿದರೂ ಕಾರು ಕುಡಿಯುವುದು ಅಷ್ಟೇ.

ಬಂಕಿನಲ್ಲಿ ಗಮನಿಸತಕ್ಕ ಕೆಲವು ಮಾತುಗಳುಂಟು. ಎಂಜಿನನ್ನು ನಿಲ್ಲಿಸಬೇಕು. ಹಾಕುವ ಮೊದಲು ಯಂತ್ರದಲ್ಲಿ ಸೊನ್ನೆ ಇದೆಯೇ ಎಂದು ನೋಡಬೇಕು. ಅಳತೆಯ ವಿಷಯದಲ್ಲಿ ಸಂಶಯವಿದ್ದರೆ, ಸರಕಾರದ ಮುದ್ರೆಯುಳ್ಳ ೫ ಲೀಟರಿನ ಅಳತೆಯ ಪಾತ್ರೆಯಲ್ಲಿ ಅಳೆದು ತೋರಿಸಿರೆಂದು ಕೇಳಲು ಗ್ರಾಹಕರಿಗೆ ಹಕ್ಕಿದೆ, ಕೇಳುವುದಕ್ಕೆ ನಾಚಬೇಕಾಗಿಲ್ಲ. ಕೊಳವೆಯು ತಾನಾಗಿ ನಿಂತ ಮೇಲೆ, "ಇನ್ನೂ ಸ್ವಲ್ಪ ಹಿಡಿಸಲಿ" ಎಂದು ಒತ್ತಾಯಿಸಕೂಡದು. ಯಾಕಂದರೆ ಪೆಟ್ರೋಲು ಬಿಸಿಲಿಗೆ ಹಿಗ್ಗುವ ವಸ್ತು. ೪೦ ಲೀಟರು ಪೆಟ್ರೋಲು ೨೦ ಡಿಗ್ರಿ ಬಿಸಿಯೇರಿದರೆ ಸುಮಾರು ಮುಕ್ಕಾಲು ಲೀಟರಿನಷ್ಟು ಹೆಚ್ಚಾಗುವುದು. ಅದಕ್ಕಾಗಿ ಟಾಂಕಿಯ ಮೇಲ್ಭಾಗದಲ್ಲಿ ಬಿಟ್ಟಿರುವ ತೆರಪನ್ನು ನಾವು ಆಶೆಯಿಂದ ಮುಚ್ಚಬಾರದು. ಮೀಸಲಿಗೆಂದು ಮನೆಯಲ್ಲಿ ಸೀಸೆಗಳಲ್ಲಿಯೂ ಡಬ್ಬಿಗಳಲ್ಲಿಯೂ ಪೆಟ್ರೋಲನ್ನು ಕೂಡಿಡುವುದಂತೂ ಬೆಂಕಿಯನ್ನು ಮಡಿಲಲ್ಲಿ ಕಟ್ಟಿಕೊಂಡಂತೆ.

ಮುಳ್ಳಿನ ಪಕ್ಕದಲ್ಲಿರುವ ಪಂಪಿನ ಚಿತ್ರದ ಬಳಿ ಒಂದು ಪುಟ್ಟ ಬಾಣದ ಗುರುತನ್ನು ನೋಡಿದ್ದೀರೋ? ಪೆಟ್ರೋಲು ಹಾಕುವ ಮುಚ್ಚಳ ಕಾರಿನ ಯಾವ ಪಕ್ಕದಲ್ಲಿದೆಯೆಂದು ಅದು ತೋರಿಸುವುದು. ಫೋರ್ಡ್ ಕಂಪನಿಯಲ್ಲಿ ಕೆಲಸಮಾಡುತ್ತಿದ್ದ ಜೇಮ್ಸ್ ಮೊಯ್ಲನ್ ಎಂಬವರು ೧೯೮೬ರಲ್ಲಿ ಒಂದು ಮಳೆಯ ದಿನ ಪಂಪಿನ ತಪ್ಪು ಪಕ್ಕಕ್ಕೆ ಕಾರನ್ನು ನಿಲ್ಲಿಸಿ, ನೆನೆದು ತೊಪ್ಪೆಯಾಗಿ, ಕಚೇರಿಗೆ ಬಂದವರೇ ಈ ಸಲಹೆಯನ್ನು ಬರೆದುಕೊಟ್ಟರು. ತನಗಾದ ತೊಂದರೆ ಇನ್ನೊಬ್ಬರಿಗೆ ಆಗದಿರಲೆಂದು ಅಂದೇ ಕುಳಿತು ಬರೆದ ಆ ಒಂದು ಹಾಳೆಯಿಂದ ಲೋಕದ ಎಷ್ಟೋ ಜನರಿಗೆ ಸೌಕರ್ಯವಾಯಿತು. ನಾವು ಈ ಲೇಖನವನ್ನು ಬರೆಯುವುದೂ ಅದೇ ಆಶೆಯಿಂದ.

ಕೊನೆಯ ಮಾತು

ಮೀಸಲು ಎಂಬ ಶಬ್ದವು ನಮ್ಮ ಮನೆಗಳಲ್ಲಿ ಹೊಸದಲ್ಲ. ಅನ್ನಕ್ಕೆ ಇಡುವ ಮುಂಚೆ ಅಕ್ಕಿಯಿಂದ ಒಂದು ಹಿಡಿಯನ್ನು ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದ ಅಜ್ಜಿಯಂದಿರನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಆ ಮಡಕೆಯು ದೇವರಿಗೆ, ಬಡವರಿಗೆ, ಅಕಾಲದಲ್ಲಿ ಬಂದ ನೆಂಟರಿಗೆ ಮೀಸಲು. ಮನೆಯಲ್ಲಿ ಅಕ್ಕಿ ತೀರಿತೆಂದು ನಾಳೆಯ ಊಟಕ್ಕೆ ಅದನ್ನು ಮುಟ್ಟುವಂತಿರಲಿಲ್ಲ. ಟಾಂಕಿಯ ತಳದ ಐದು ಲೀಟರುಗಳೂ ಅಂಥ ಮಡಕೆಯೇ. ಅವು ನಮ್ಮ ಸೋಮಾರಿತನಕ್ಕೂ ಲೆಕ್ಕದ ಅನುಕೂಲಕ್ಕೂ ಸೇರಿದುವಲ್ಲ. ಯಾವ ಹೊತ್ತಿನಲ್ಲಿ ಯಾರ ಮಗುವಿಗೆ ಬೇಕಾಗುವುದೋ ತಿಳಿಯದ ಕಾರಣ ಅವರಿಗಾಗಿ ಇಟ್ಟಿರುವಂಥವು.

ಮತ್ತಾಯನ ಸುವಾರ್ತೆಯ ೨೫ನೆಯ ಅಧ್ಯಾಯದಲ್ಲಿ ಬರುವ ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಅದನ್ನು ನಾವು ಎಷ್ಟೋ ಸಾರಿ ಬೋಧಿಸಿದ್ದೇವೆ. ಆದರೆ ಆ ರಾತ್ರಿಯ ತರುವಾಯವೇ ಒಂದು ಸಂಗತಿ ನಮಗೆ ಹೊಳೆಯಿತು. ಬುದ್ಧಿಯಿಲ್ಲದ ಐವರು ಕೆಟ್ಟವರೆಂದು ಅಲ್ಲಿ ಎಲ್ಲಿಯೂ ಹೇಳಿಲ್ಲ. ಅವರೂ ದೀಪಗಳನ್ನು ಹಿಡಿದೇ ಹೊರಟಿದ್ದರು. ಅವರ ದೀಪಗಳೂ ಉರಿಯುತ್ತಿದ್ದುವು. ದೀಪದಲ್ಲಿ ಇರುವಷ್ಟು ಸಾಕೆಂದು ಎಣಿಸಿದುದೇ ಅವರ ತಪ್ಪು. ನಡುರಾತ್ರಿಯಲ್ಲಿ ಎಣ್ಣೆಯ ಅಂಗಡಿಯನ್ನು ಹುಡುಕಿಕೊಂಡು ಹೋಗಬೇಕಾಗಿ ಬಂದಾಗಲೇ ಅದು ಅವರಿಗೆ ತಿಳಿದುದು.

ಈಗ ನಮ್ಮ ಶಾಲೆಯ ಕಾರಿನ ಬೀಗದಕೈ ತೂಗುಹಾಕುವ ಮೊಳೆಯ ಕೆಳಗೆ ಒಂದು ಚಿಕ್ಕ ಚೀಟಿಯನ್ನು ಅಂಟಿಸಿದ್ದೇವೆ. ಅರ್ಧಕ್ಕಿಂತ ಕಡಿಮೆ ಪೆಟ್ರೋಲಿನೊಡನೆ ಈ ಕಾರು ರಾತ್ರಿ ಶೆಡ್ಡಿನಲ್ಲಿ ನಿಲ್ಲಕೂಡದು ಎಂದು ಅದರಲ್ಲಿ ಬರೆದಿದೆ. ಮನೆಯಲ್ಲಿ ಚಿಕ್ಕ ಮಕ್ಕಳೂ ವೃದ್ಧರೂ ಇರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಂದೆತಾಯಿಗಳೂ ಈ ನಿಯಮವನ್ನು ತಮ್ಮದಾಗಿ ಮಾಡಿಕೊಳ್ಳಲಿ. ಈ ಸಂಚಿಕೆಯನ್ನು ಓದಿ ಮುಗಿಸಿದವರು ಒಂದು ಸಾರಿ ಹೊರಗೆ ಹೋಗಿ ತಮ್ಮ ಕಾರಿನ ಮುಳ್ಳನ್ನು ನೋಡಿ ಬಂದರೆ, ನಮ್ಮ ಲೇಖನವು ಸಾರ್ಥಕವಾಯಿತೆಂದು ತಿಳಿಯುವೆವು.